ಹಲವು ಕೀಗಳ ವಿಂಗಡಣೆ: ದತ್ತಾಂಶ ಸಂಯೋಜನಾ ಸಾಧನಗಳಲ್ಲಿ ಕ್ರಮದ ಪ್ರಶ್ನೆ

ಬೇರೆ ಬೇರೆ ಮೂಲಗಳಲ್ಲಿ ಹುಟ್ಟಿದ ದಾಖಲೆಗಳನ್ನು ಓದಿ, ಅವುಗಳ ರೂಪವನ್ನು ತಿದ್ದಿ, ಒಂದಕ್ಕೊಂದು ಹೊಂದಿಸಿ, ಕೊನೆಗೆ ಬೇಕಾದ ಭಂಡಾರಕ್ಕೆ ತುಂಬುವ ತಂತ್ರಾಂಶಗಳಿಗೆ ದತ್ತಾಂಶ ಸಂಯೋಜನಾ ಸಾಧನಗಳು ಎಂದು ಹೆಸರು. ಇನ್ಫರ್ಮ್ಯಾಟಿಕಾ ಪವರ್‌ಸೆಂಟರ್, ಐಬಿಎಂ ಡೇಟಾಸ್ಟೇಜ್, ಮೈಕ್ರೋಸಾಫ್ಟ್‌ನ ಎಸ್‌ಎಸ್‌ಐಎಸ್, ಟ್ಯಾಲೆಂಡ್, ಕೆಟಲ್ ಎಂದೂ ಕರೆಯಲಾಗುವ ಪೆಂಟಾಹೊ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಕೆಲಸವನ್ನು ಸಾಲುಸಾಲಾಗಿ ಬರೆಯುವ ಬದಲು ಪರದೆಯ ಮೇಲೆ ಘಟಕಗಳನ್ನು ಇರಿಸಿ ಗೆರೆಗಳಿಂದ ಜೋಡಿಸಲಾಗುತ್ತದೆ. ದಾಖಲೆಗಳು ಆ ಗೆರೆಗಳ ಗುಂಟ ಒಂದು ಘಟಕದಿಂದ ಇನ್ನೊಂದಕ್ಕೆ ಹರಿಯುತ್ತವೆ. ಓದುವ, ಸೋಸುವ, ಬರೆಯುವ ಘಟಕಗಳ ನಡುವೆ ವಿಂಗಡಣೆಯ ಘಟಕವೂ ಒಂದು, ಮತ್ತು ನೋಡಲು ಅದು ಎಲ್ಲಕ್ಕಿಂತ ಸರಳ: ಯಾವ ಕಾಲಂಗಳನ್ನು ನೋಡಿ ಕ್ರಮ ಹಾಕಬೇಕು, ಏರಿಕೆಯೋ ಇಳಿಕೆಯೋ ಎಂದಷ್ಟನ್ನು ತಿಳಿಸಿದರೆ ಅದು ತನ್ನ ಕೆಲಸ ಮುಗಿಸುತ್ತದೆ. ಆದರೆ ಹಲವು ಕಾಲಂಗಳ ಮೇಲೆ ಕ್ರಮ ಬೇಕಾದಾಗ, ಮತ್ತು ಆ ಕ್ರಮವನ್ನು ನಂಬಿ ಮುಂದಿನ ಘಟಕಗಳು ನಡೆಯಬೇಕಾದಾಗ, ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚೆಂಬುದು ಹೊರಬೀಳುತ್ತದೆ. ವಿಂಗಡಣೆಯ ವಿಧಾನಗಳು ಅರ್ಧ ಶತಮಾನದ ಹಿಂದೆಯೇ ಬಹುಮಟ್ಟಿಗೆ ಪಕ್ವಗೊಂಡಿವೆ. ಇಂದು ತಪ್ಪು ಹುಟ್ಟುವುದು ವಿಧಾನದಲ್ಲಿ ಅಲ್ಲ, ಯಾವುದು ಯಾವುದಕ್ಕಿಂತ ಮೊದಲು ಎಂಬ ಹೋಲಿಕೆಯ ನಿಯಮದಲ್ಲಿ ಮತ್ತು ಆ ನಿಯಮ ಎರಡು ಘಟಕಗಳ ನಡುವೆ ಒಂದೇ ಆಗಿದೆಯೇ ಎಂಬಲ್ಲಿ.

ಯಾವ ಕಾಲಂನ ಬೆಲೆಯನ್ನು ನೋಡಿ ದಾಖಲೆಯ ಸ್ಥಾನ ನಿರ್ಧಾರವಾಗುತ್ತದೋ ಆ ಕಾಲಂ ವಿಂಗಡಣೆಯ ಕೀ ಎನಿಸುತ್ತದೆ. ಕೀಗಳು ಹಲವಿದ್ದರೆ ಮೊದಲ ಕೀಯ ಬೆಲೆಗಳನ್ನು ಹೋಲಿಸಿ, ಅವು ಬೇರೆಯಾಗಿದ್ದರೆ ಅಲ್ಲಿಗೇ ತೀರ್ಮಾನಿಸಿ, ಒಂದೇ ಆಗಿದ್ದರೆ ಮಾತ್ರ ಎರಡನೆಯದಕ್ಕೆ, ಅದೂ ಒಂದೇ ಆದರೆ ಮೂರನೆಯದಕ್ಕೆ ಹೋಗಬೇಕು; ಗಣಿತದಲ್ಲಿ ಇದನ್ನು ನಿಘಂಟು ಕ್ರಮ ಎನ್ನುತ್ತಾರೆ. ಕರ್ನಾಟಕದ ಪಹಣಿಯನ್ನು ಗುರುತಿಸುವ ಕ್ರಮದಲ್ಲಿ ಇದರ ಸಹಜ ನಿದರ್ಶನ ಸಿಗುತ್ತದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂಬ ಮೆಟ್ಟಿಲುಗಳನ್ನು ಇಳಿದ ಮೇಲೆಯೇ ಒಂದು ತುಂಡು ಜಮೀನಿನ ದಾಖಲೆ ಕೈಗೆ ಸಿಗುತ್ತದೆ. ಇದೇ ಅನುಕ್ರಮದಲ್ಲಿ ವಿಂಗಡಿಸಿದ ಕಡತವು ಜಿಲ್ಲಾವಾರು ಒಟ್ಟು ತೆಗೆಯಲೂ ಒದಗುತ್ತದೆ, ತಾಲ್ಲೂಕುವಾರು ಒಟ್ಟಿಗೂ ಒದಗುತ್ತದೆ. ಆದರೆ ಜಿಲ್ಲೆಯನ್ನು ಬಿಟ್ಟು ಗ್ರಾಮದ ಹೆಸರಿನ ಮೇಲಷ್ಟೇ ಒಟ್ಟು ತೆಗೆಯಬೇಕಾದರೆ ಆ ಕಡತ ವಿಂಗಡಣೆಯಾಗದ ಕಡತಕ್ಕೆ ಸಮ. ಕೀಗಳ ಸರಣಿಯ ಮೊದಲ ಭಾಗಗಳಿಗೆ ಮಾತ್ರ ಕ್ರಮ ತಾನಾಗಿ ದೊರೆಯುತ್ತದೆ, ನಡುವಿನ ಅಥವಾ ಕೊನೆಯ ಕೀಗಳಿಗೆ ದೊರೆಯುವುದಿಲ್ಲ. ಹರಿವಿನಲ್ಲಿ ಮುಂದೆ ಬರುವ ಘಟಕಗಳ ಬೇಡಿಕೆಗಳನ್ನೆಲ್ಲ ಮೊದಲೇ ನೋಡಿ ಕೀಗಳ ಅನುಕ್ರಮ ನಿರ್ಧರಿಸಿದರೆ ಒಂದೇ ವಿಂಗಡಣೆ ನಾಲ್ಕು ಕಡೆ ಉಪಯೋಗಕ್ಕೆ ಬರುತ್ತದೆ. ಹಾಗೆ ನೋಡದ ಕಡೆ ಪ್ರತಿ ಘಟಕದ ಮುಂದೂ ಒಂದೊಂದು ವಿಂಗಡಣೆ ಬಂದು ಕೂರುತ್ತದೆ.

ಗಣಕಯಂತ್ರಕ್ಕಿಂತ ಈ ಸಮಸ್ಯೆ ಹಳೆಯದು. 1890ರ ಅಮೆರಿಕದ ಜನಗಣತಿಗಾಗಿ ಹರ್ಮನ್ ಹಾಲರಿತ್ ರೂಪಿಸಿದ ಯಂತ್ರದಲ್ಲಿ ರಂಧ್ರ ಹೊಡೆದ ಕಾರ್ಡುಗಳನ್ನು ವಿಂಗಡಿಸುವ ಪೆಟ್ಟಿಗೆಯೊಂದಿತ್ತು; ಮುಂದೆ ಬಂದ ಸ್ವಯಂಚಾಲಿತ ಕಾರ್ಡ್ ವಿಂಗಡಣಾ ಯಂತ್ರಗಳು ಒಂದು ಸಲಕ್ಕೆ ಕಾರ್ಡಿನ ಒಂದೇ ಕಾಲಂ ಓದಿ, ಅಲ್ಲಿನ ರಂಧ್ರದ ಪ್ರಕಾರ ಕಾರ್ಡನ್ನು 13 ಖಾನೆಗಳಲ್ಲಿ ಒಂದಕ್ಕೆ ಬೀಳಿಸುತ್ತಿದ್ದವು. ಹನ್ನೆರಡು ಖಾನೆಗಳು ಕಾರ್ಡಿನ ಹನ್ನೆರಡು ಸಾಲುಗಳಿಗೆ, ಉಳಿದ ಒಂದು ರಂಧ್ರವೇ ಇಲ್ಲದ ಕಾರ್ಡಿಗೆ. ಎರಡಂಕಿಯ ಜಿಲ್ಲಾ ಸಂಖ್ಯೆ, ಅದರೊಳಗೆ ಮೂರಂಕಿಯ ಗ್ರಾಮ ಸಂಖ್ಯೆ ಎಂದು ಕ್ರಮ ಬೇಕಾದರೆ ಕೆಲಸವನ್ನು ಹಿಂದಿನಿಂದ ಆರಂಭಿಸಬೇಕಾಗಿತ್ತು: ಮೊದಲು ಗ್ರಾಮ ಸಂಖ್ಯೆಯ ಬಿಡಿ ಸ್ಥಾನ, ಆಮೇಲೆ ಹತ್ತರ ಸ್ಥಾನ, ನೂರರ ಸ್ಥಾನ, ಆನಂತರ ಜಿಲ್ಲೆಯ ಎರಡು ಸ್ಥಾನಗಳು, ಹೀಗೆ ಇಡೀ ಕಟ್ಟು ಐದು ಬಾರಿ ಯಂತ್ರದೊಳಗೆ ಹಾಯಬೇಕು. ಐಬಿಎಂನ 083 ಯಂತ್ರ ನಿಮಿಷಕ್ಕೆ 1,000 ಕಾರ್ಡು ಓದುತ್ತಿದ್ದುದರಿಂದ ಹತ್ತು ಸಾವಿರ ಕಾರ್ಡುಗಳಿಗೆ ಬರಿಯ ಯಂತ್ರದ ಸಮಯವೇ 50 ನಿಮಿಷ, ಖಾನೆಗಳಿಂದ ಕಾರ್ಡು ತೆಗೆದು ಮತ್ತೆ ಜೋಡಿಸುವ ಶ್ರಮ ಬೇರೆ. ಹಿಂದಿನಿಂದ ಮುಂದಕ್ಕೆ ಸಾಗುವ ಈ ಉಪಾಯ ಫಲಿಸುವುದಕ್ಕೆ ಒಂದೇ ಕಾರಣ, ಪ್ರತಿ ಸುತ್ತಿನಲ್ಲೂ ಒಂದೇ ಖಾನೆಗೆ ಬಿದ್ದ ಕಾರ್ಡುಗಳು ತಾವು ಬಂದ ಕ್ರಮವನ್ನು ಕಳೆದುಕೊಳ್ಳುತ್ತಿರಲಿಲ್ಲ. ಸಮಾನ ಬೆಲೆಯ ದಾಖಲೆಗಳ ಮೊದಲಿನ ಕ್ರಮವನ್ನು ಕಾಯುವ ಇಂಥ ವಿಂಗಡಣೆಗೆ ಸ್ಥಿರ ವಿಂಗಡಣೆ ಎಂಬ ಹೆಸರು ಬಂದಿದೆ.

ವಿದ್ಯುನ್ಮಾನ ಗಣಕಗಳ ಕಾಲದಲ್ಲಿ ವಿಂಗಡಣೆ ಮೊದಲ ಗಂಭೀರ ಕೆಲಸಗಳ ಸಾಲಿಗೆ ಸೇರಿತು. ಜಾನ್ ಫಾನ್ ನಾಯ್ಮನ್ 1945ರಲ್ಲೇ ಎಡ್‌ವ್ಯಾಕ್ ಗಣಕಕ್ಕಾಗಿ ವಿಲೀನ ವಿಂಗಡಣೆಯ ಕ್ರಮವಿಧಿ ಬರೆದಿದ್ದರು. ಎನಿಯಾಕ್ ಗಣಕದ ಮೊದಲ ಕ್ರಮವಿಧಿಕಾರರಲ್ಲಿ ಒಬ್ಬರಾದ ಬೆಟ್ಟಿ ಹೋಲ್ಬರ್ಟನ್ 1951ರಲ್ಲಿ ಯೂನಿವ್ಯಾಕ್‌ಗಾಗಿ, ಕಡತದ ವಿವರ ಮತ್ತು ಕೀಗಳನ್ನು ಕೊಟ್ಟರೆ ವಿಂಗಡಣೆಯ ಕ್ರಮವಿಧಿಯನ್ನು ತಾನೇ ಬರೆದುಕೊಡುವ ಕ್ರಮವಿಧಿಯೊಂದನ್ನು ರಚಿಸಿದರು. ಇಂದಿನ ಸಂಯೋಜನಾ ಸಾಧನಗಳು ಕೀಗಳ ಪಟ್ಟಿಯನ್ನು ಪಡೆದು ಉಳಿದದ್ದನ್ನು ತಾವೇ ನೋಡಿಕೊಳ್ಳುವ ಪರಿಪಾಠಕ್ಕೆ ಅದೇ ಮೂಲವೆಂದು ಹೇಳಬಹುದು. ಐಬಿಎಂ ಮೇನ್‌ಫ್ರೇಮ್‌ಗಳ ಡಿಎಫ್‌ಸಾರ್ಟ್‌ನಲ್ಲಿ ಪ್ರತಿ ಕೀಗೂ ನಾಲ್ಕು ಸಂಗತಿಗಳನ್ನು ತಿಳಿಸಬೇಕು: ದಾಖಲೆಯಲ್ಲಿ ಅದು ಆರಂಭವಾಗುವ ಸ್ಥಾನ, ಉದ್ದ, ಬೆಲೆಯ ಬಗೆ, ಏರಿಕೆಯೋ ಇಳಿಕೆಯೋ. ಸಮಾನ ಕೀಗಳ ದಾಖಲೆಗಳು ಬಂದ ಕ್ರಮದಲ್ಲೇ ಉಳಿಯಬೇಕೇ ಎಂಬುದನ್ನೂ ಈಕ್ವಲ್ಸ್ ಎಂಬ ಆಯ್ಕೆಯ ಮೂಲಕ ಹೇಳಬಹುದು. ಕೋಬಾಲ್ ಭಾಷೆಯ ವಿಂಗಡಣಾ ವಾಕ್ಯದಲ್ಲೂ ಇದೇ ಅರ್ಥದ ಉಪವಾಕ್ಯವಿದೆ. ಬರೆಯಲು ಬೇಸರ ತರುವ ಈ ಹಳೆಯ ರೂಪದಲ್ಲಿ ಒಂದು ಪ್ರಾಮಾಣಿಕತೆ ಇತ್ತು, ಏಕೆಂದರೆ ಬೆಲೆಯನ್ನು ಅಕ್ಷರವೆಂದು ಓದಬೇಕೋ ಸಂಖ್ಯೆಯೆಂದು ಓದಬೇಕೋ ಎಂಬುದನ್ನು ಹೇಳದೆ ಮುಂದೆ ಹೋಗಲು ಅದು ಬಿಡುತ್ತಿರಲಿಲ್ಲ.

ಹಲವು ಕೀಗಳ ಹೋಲಿಕೆಯನ್ನು ಯಂತ್ರದೊಳಗೆ ನಡೆಸಲು ಮೂರು ದಾರಿಗಳಿವೆ. ಮೊದಲನೆಯದು ಮೇಲೆ ವಿವರಿಸಿದಂತೆ ಕೀಯಿಂದ ಕೀಗೆ ಇಳಿಯುತ್ತ ಹೋಲಿಸುವುದು. ಎರಡನೆಯದು ಕಾರ್ಡ್ ಯಂತ್ರದ ದಾರಿ, ಕಡೆಯ ಕೀಯಿಂದ ಆರಂಭಿಸಿ ಪ್ರತಿ ಕೀಗೂ ಒಂದೊಂದು ಸ್ಥಿರ ವಿಂಗಡಣೆ. ದೃಶ್ಯ ಸಾಧನಗಳಲ್ಲಿ ಇದು ಅರಿವಿಲ್ಲದೆ ನುಸುಳುವುದುಂಟು: ತಾಲ್ಲೂಕಿಗೊಂದು, ಗ್ರಾಮಕ್ಕೊಂದು ಎಂದು ಎರಡು ವಿಂಗಡಣಾ ಘಟಕಗಳನ್ನು ಸಾಲಾಗಿ ಇರಿಸಿದರೆ ಕಡತ ಕೊನೆಗೆ ಗ್ರಾಮದ ಕ್ರಮದಲ್ಲಿ ಹೊರಬರುತ್ತದೆ, ತಾಲ್ಲೂಕಿನ ಕ್ರಮವಂತೂ ಎರಡನೆಯ ಘಟಕ ಸ್ಥಿರವಾಗಿದ್ದರೆ ಮಾತ್ರ ಗ್ರಾಮದೊಳಗೆ ಉಳಿಯುತ್ತದೆ, ಅಲ್ಲದಿದ್ದರೆ ಚದುರುತ್ತದೆ. ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಕ್ವಿಕ್‌ಸಾರ್ಟ್ ವೇಗಕ್ಕೆ ಹೆಸರಾದರೂ ಅದರ ಸಾಮಾನ್ಯ ರೂಪ ಸ್ಥಿರವಲ್ಲ. ವಿಲೀನ ವಿಂಗಡಣೆಯೂ, ಅದನ್ನಾಧರಿಸಿ ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಭಾಷೆಗಾಗಿ ರಚಿಸಿದ, ಮುಂದೆ ಜಾವಾ ಭಾಷೆಯೂ ಅಳವಡಿಸಿಕೊಂಡ ಟಿಮ್‌ಸಾರ್ಟ್ ವಿಧಾನವೂ ಸ್ಥಿರ.

ಮೂರನೆಯ ದಾರಿ ಹೆಚ್ಚು ಕುತೂಹಲಕರ. ಎಲ್ಲ ಕೀಗಳನ್ನೂ ಒಂದೇ ಬೈಟ್ ಸಾಲಾಗಿ ಮಾರ್ಪಡಿಸಿ, ಆ ಸಾಲುಗಳನ್ನು ಬೈಟಿಗೆ ಬೈಟ್ ಹೋಲಿಸಿದರೂ ಬೇಕಾದ ಕ್ರಮವೇ ಬರುವಂತೆ ಮಾಡುವುದು ಇದರ ತಂತ್ರ. ಐಬಿಎಂನ ಸಂಶೋಧಕರಾದ ಬ್ಲಾಸ್ಜೆನ್, ಕೇಸಿ ಮತ್ತು ಈಶ್ವರನ್ 1977ರಲ್ಲಿ ಇಂಥ ಸಂಕೇತೀಕರಣವೊಂದನ್ನು ವಿವರಿಸಿದರು. ಋಣ ಸಂಖ್ಯೆಗಳು ಧನ ಸಂಖ್ಯೆಗಳಿಗಿಂತ ಮೊದಲು ಬರಲೆಂದು ಚಿಹ್ನೆಯ ಬಿಟ್ಟನ್ನು ತಿರುಗಿಸಬೇಕು, ಇಳಿಕೆ ಕ್ರಮದ ಕೀಯಾದರೆ ಅದರ ಎಲ್ಲ ಬಿಟ್ಟುಗಳನ್ನೂ ತಿರುವಬೇಕು, ಬೆಲೆಯೇ ಇಲ್ಲದ ಕಾಲಂಗೆ ಮುಂದೊಂದು ಗುರುತು ಹಾಕಬೇಕು, ಉದ್ದ ಬದಲಾಗುವ ಪಠ್ಯಕ್ಕೆ ಕೊನೆಯ ಗುರುತು ಬೇಕು. ಇಷ್ಟೆಲ್ಲ ಎಚ್ಚರ ಏಕೆಂಬುದು, ಅವಸರದಲ್ಲಿ ಎರಡು ಕಾಲಂಗಳನ್ನು ಸುಮ್ಮನೆ ಅಂಟಿಸಿ ಒಂದು ಕೀ ಮಾಡಿಕೊಂಡ ಹರಿವುಗಳನ್ನು ನೋಡಿದರೆ ತಿಳಿಯುತ್ತದೆ: ಸರ್ವೆ ನಂಬರ್ 4, ಹಿಸ್ಸಾ 52 ಎಂಬ ದಾಖಲೆಯೂ ಸರ್ವೆ ನಂಬರ್ 45, ಹಿಸ್ಸಾ 2 ಎಂಬ ದಾಖಲೆಯೂ ಅಂಟಿಸಿದ ಮೇಲೆ 452 ಆಗಿ ಒಂದೇ ಎನಿಸುತ್ತವೆ. ಕಾಲಂಗಳನ್ನು ನಿಗದಿತ ಅಗಲಕ್ಕೆ ಸೊನ್ನೆ ತುಂಬಿ ಅಂಟಿಸಿದರೆ ಈ ಗೊಂದಲ ತಪ್ಪುತ್ತದೆ, ಆದರೆ ಒಂದು ಕೀ ಏರಿಕೆ ಮತ್ತೊಂದು ಇಳಿಕೆ ಎಂದಾದ ಕೂಡಲೇ ಆ ಉಪಾಯವೂ ಸೋಲುತ್ತದೆ. ಸಾಧನವೇ ಹಲವು ಕೀಗಳನ್ನು ಪ್ರತ್ಯೇಕವಾಗಿ ಸ್ವೀಕರಿಸುತ್ತಿರುವಾಗ ಅಂಟಿಸುವ ಅಭ್ಯಾಸವನ್ನು ಮುಂದುವರಿಸಲು ಕಾರಣವಿಲ್ಲ.

ಇಂದಿನ ಸಾಧನಗಳು ಕೇಳುವ ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವುಗಳ ಮನೋಧರ್ಮ ಗೊತ್ತಾಗುತ್ತದೆ. ಪೆಂಟಾಹೊದ ವಿಂಗಡಣಾ ಘಟಕ ಪ್ರತಿ ಕಾಲಂಗೂ ಏರಿಕೆಯೇ, ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆಯೆಂದು ಎಣಿಸಬೇಕೇ, ಪ್ರದೇಶದ ಭಾಷಾ ನಿಯಮ ಅನ್ವಯಿಸಬೇಕೇ, ಅನ್ವಯಿಸಿದರೆ ಎಷ್ಟು ಕಟ್ಟುನಿಟ್ಟಾಗಿ, ಆ ಕಾಲಂ ಮೊದಲೇ ಕ್ರಮದಲ್ಲಿ ಬಂದಿದೆಯೇ ಎಂದು ವಿಚಾರಿಸುತ್ತದೆ. ಟ್ಯಾಲೆಂಡ್‌ನ ಟಿಸಾರ್ಟ್‌ರೋ ಘಟಕ ಕಾಲಂ, ಸಂಖ್ಯೆಯೋ ಅಕ್ಷರವೋ ದಿನಾಂಕವೋ ಎಂಬ ಬಗೆ, ದಿಕ್ಕು ಎಂಬ ಮೂರನ್ನು ಕೇಳುತ್ತದೆ. ಡಿಎಫ್‌ಸಾರ್ಟ್‌ನ ಹಳೆಯ ಪ್ರಾಮಾಣಿಕತೆ ಇಲ್ಲಿ ಸ್ವಲ್ಪ ಉಳಿದಿದೆ. ಎಸ್‌ಎಸ್‌ಐಎಸ್‌ನಲ್ಲಿ ಕೀಯ ಸ್ಥಾನವನ್ನು ಸಂಖ್ಯೆಯಿಂದ ಸೂಚಿಸಲಾಗುತ್ತದೆ, ಧನ ಸಂಖ್ಯೆಯಾದರೆ ಏರಿಕೆ, ಋಣ ಸಂಖ್ಯೆಯಾದರೆ ಇಳಿಕೆ. ಡೇಟಾಸ್ಟೇಜ್ ಪ್ರತಿ ಕೀಗೂ ಈಗ ವಿಂಗಡಿಸಬೇಕೋ, ಮೊದಲೇ ವಿಂಗಡಣೆಯಾಗಿದೆಯೋ, ಅಥವಾ ಕ್ರಮವಿಲ್ಲದಿದ್ದರೂ ಸಮಾನ ಬೆಲೆಗಳು ಒಟ್ಟಿಗೆ ಇವೆಯೋ ಎಂದು ಮೂರು ಸ್ಥಿತಿಗಳನ್ನು ಬೇರ್ಪಡಿಸುತ್ತದೆ. ಕೀ ಬದಲಾದ ದಾಖಲೆಗೆ 1, ಉಳಿದವಕ್ಕೆ 0 ಎಂದು ಗುರುತು ಹಾಕುವ ಹೆಚ್ಚುವರಿ ಕಾಲಂ ಅನ್ನೂ ಕೊಡಬಲ್ಲದು. ವಿಂಗಡಣೆಯ ಪ್ರಶ್ನೆಯನ್ನು ಹೆಚ್ಚು ಸೂಕ್ಷ್ಮವಾಗಿ ವಿಚಾರಿಸಿರುವ ಸಾಧನ ಬಹುಶಃ ಇದೇ.

ಒಂದೇ ಹೆಸರಿನ ಆಯ್ಕೆ ಬೇರೆ ಸಾಧನದಲ್ಲಿ ಬೇರೆ ಅರ್ಥ ಕೊಡುವುದಕ್ಕೆ ನಕಲು ತೆಗೆಯುವ ಸೌಲಭ್ಯ ಸಾಕ್ಷಿ. ಪೆಂಟಾಹೊ ಮತ್ತು ಎಸ್‌ಎಸ್‌ಐಎಸ್‌ಗಳಲ್ಲಿ ಅದನ್ನು ಆರಿಸಿದರೆ ಕೀಗಳು ಒಂದೇ ಆಗಿರುವ ದಾಖಲೆಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಕೈಬಿಡಲಾಗುತ್ತದೆ, ಉಳಿದ ಕಾಲಂಗಳು ಬೇರೆಯಾಗಿದ್ದರೂ ಸರಿಯೇ. ಇನ್ಫರ್ಮ್ಯಾಟಿಕಾದಲ್ಲಾದರೆ ಅದೇ ಆಯ್ಕೆ ಎಲ್ಲ ಕಾಲಂಗಳನ್ನೂ ಕೀಗಳನ್ನಾಗಿಸುತ್ತದೆ, ಆದ್ದರಿಂದ ಪೂರ್ತಿ ಒಂದೇ ಆಗಿರುವ ದಾಖಲೆಗಳಷ್ಟೇ ಹೋಗುತ್ತವೆ. ಒಂದು ಸಾಧನದಿಂದ ಮತ್ತೊಂದಕ್ಕೆ ಹರಿವುಗಳನ್ನು ಸಾಗಿಸುವವರು ಎಡವುವ ಜಾಗ ಇದು.

ಹೋಲಿಕೆಯ ನಿಯಮಗಳಿಗೆ ಬಂದರೆ ಬೆಲೆಯ ಬಗೆಯೇ ಮೊದಲ ತೊಡಕು. ಪಠ್ಯಕಡತದಿಂದ ಓದಿದ ಎಲ್ಲವೂ ಹುಟ್ಟಿನಿಂದ ಪಠ್ಯವೇ. ಪಠ್ಯವಾಗಿ ಹೋಲಿಸಿದರೆ 9ಕ್ಕಿಂತ ಮೊದಲು 10 ಬರುತ್ತದೆ, 45/2 ಎಂಬ ಸರ್ವೆ ನಂಬರಿಗಿಂತ ಮೊದಲು 45/10 ಬರುತ್ತದೆ. ಪಹಣಿಯಲ್ಲಿ ಸರ್ವೆ ನಂಬರನ್ನೂ ಹಿಸ್ಸಾವನ್ನೂ ಬೇರೆ ಬೇರೆ ಕಾಲಂಗಳಾಗಿ ಇಟ್ಟಿರುವುದು ಈ ದೃಷ್ಟಿಯಿಂದ ಅನುಕೂಲಕರ, ಆದರೂ ಹಿಸ್ಸಾದಲ್ಲಿ ಅಂಕಿಯೂ ಅಕ್ಷರವೂ ಬೆರೆಯುವುದರಿಂದ ಅದನ್ನು ಮತ್ತೆ ಎರಡಾಗಿ ಒಡೆದು, ಅಂಕಿಯ ಭಾಗವನ್ನು ಸಂಖ್ಯೆಯಾಗಿಯೂ ಅಕ್ಷರದ ಭಾಗವನ್ನು ಪಠ್ಯವಾಗಿಯೂ ಎರಡು ಕೀಗಳನ್ನಾಗಿಸಬೇಕಾಗುತ್ತದೆ. ದಿನಾಂಕದ್ದೂ ಇದೇ ಕಥೆ: ದಿನ, ತಿಂಗಳು, ವರ್ಷ ಎಂಬ ನಮ್ಮ ರೂಢಿಯ ಬರವಣಿಗೆಯಲ್ಲಿ 01-12-2023 ಎಂಬುದು 02-01-2020ಕ್ಕಿಂತ ಮೊದಲಾಗುತ್ತದೆ. ವರ್ಷವನ್ನು ಮೊದಲಿಗಿಟ್ಟು ಬರೆಯುವ ಐಎಸ್‌ಒ 8601 ಮಾನಕದ ರೂಪದಲ್ಲಿ ಮಾತ್ರ ಪಠ್ಯದ ಕ್ರಮವೂ ಕಾಲದ ಕ್ರಮವೂ ಒಂದಾಗುತ್ತವೆ.

ಎರಡನೆಯ ತೊಡಕು ಇಲ್ಲದ ಬೆಲೆ. ಕಾಲಂನಲ್ಲಿ ಏನನ್ನೂ ತುಂಬದಿರುವ ಸ್ಥಿತಿಯನ್ನು ನಲ್ ಎನ್ನುತ್ತಾರೆ. ಅದು ಸೊನ್ನೆಯೂ ಅಲ್ಲ, ಖಾಲಿ ಪಠ್ಯವೂ ಅಲ್ಲ. ಅದನ್ನು ಎಲ್ಲಕ್ಕಿಂತ ಮೊದಲಿಡಬೇಕೋ ಕೊನೆಗಿಡಬೇಕೋ ಎಂಬುದನ್ನು ಎಸ್‌ಕ್ಯೂಎಲ್ ಮಾನಕ ದತ್ತಸಂಚಯ ತಯಾರಕರಿಗೇ ಬಿಟ್ಟಿತು. ಫಲವಾಗಿ ಏರಿಕೆ ಕ್ರಮದಲ್ಲಿ ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಅದನ್ನು ಕೊನೆಗೂ, ಎಸ್‌ಕ್ಯೂಎಲ್ ಸರ್ವರ್ ಮತ್ತು ಮೈಎಸ್‌ಕ್ಯೂಎಲ್ ಮೊದಲಿಗೂ ಇಡುತ್ತವೆ. ಎಲ್ಲಿ ಇಡಬೇಕೆಂದು ಬರೆದು ತಿಳಿಸುವ ಸೌಲಭ್ಯ 2003ರ ಮಾನಕದಲ್ಲಿ ಸೇರಿದರೂ ಎಲ್ಲ ದತ್ತಸಂಚಯಗಳೂ ಅದನ್ನು ಒಪ್ಪಿಕೊಂಡಿಲ್ಲ. ಇನ್ಫರ್ಮ್ಯಾಟಿಕಾದ ವಿಂಗಡಣಾ ಘಟಕದಲ್ಲಿ ನಲ್ ಅನ್ನು ಕಿರಿದೆಂದು ಎಣಿಸುವ ಆಯ್ಕೆಯೊಂದಿದೆ. ಆರಿಸದಿದ್ದರೆ ಅದು ಹಿರಿದು. ಒಂದು ಮೂಲ ಒರಾಕಲ್‌ನಿಂದಲೂ ಇನ್ನೊಂದು ಎಸ್‌ಕ್ಯೂಎಲ್ ಸರ್ವರ್‌ನಿಂದಲೂ ಮೊದಲೇ ವಿಂಗಡಣೆಯಾಗಿ ಬಂದಾಗ, ಎರಡೂ ಕಡೆ ಕೀಗಳ ಪಟ್ಟಿ ಅಕ್ಷರಶಃ ಒಂದೇ ಆಗಿದ್ದರೂ, ಕ್ರಮಗಳು ಒಂದೇ ಆಗಿರುವುದಿಲ್ಲ.

ಮೂರನೆಯದು ಅಕ್ಷರಗಳ ಕ್ರಮ, ಮತ್ತು ಎಲ್ಲಕ್ಕಿಂತ ಆಳವಾದ ತೊಡಕು. ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಸಂಕೇತದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳು ಮೊದಲು, ದೊಡ್ಡಕ್ಷರಗಳು ಆಮೇಲೆ, ಅಂಕಿಗಳು ಕೊನೆಗೆ. ಆಸ್ಕಿಯಲ್ಲಿ ಅಂಕಿಗಳು ಮೊದಲು, ದೊಡ್ಡಕ್ಷರಗಳು ಆಮೇಲೆ, ಸಣ್ಣಕ್ಷರಗಳು ಕೊನೆಗೆ. ಹಾಗಾಗಿ ಮೇನ್‌ಫ್ರೇಮ್‌ನಲ್ಲಿ ಸರಿಯಾಗಿ ವಿಂಗಡಣೆಯಾದ ಕಡತ ಸಂಕೇತ ಬದಲಿಸಿಕೊಂಡು ಬೇರೆ ಯಂತ್ರಕ್ಕೆ ಬಂದೊಡನೆ ಕ್ರಮ ತಪ್ಪಿದ ಕಡತವಾಗುತ್ತದೆ, ಅದರ ಒಂದು ದಾಖಲೆಯೂ ಕದಲದಿದ್ದರೂ. ಕನ್ನಡಕ್ಕೆ ಬಂದರೆ ತೊಡಕಿನ ರೂಪವೇ ಬೇರೆ. ಯೂನಿಕೋಡ್‌ನ ಕನ್ನಡ ವಿಭಾಗ ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಕೊಟ್ಟ ಇಸ್ಕಿ ಸಂಕೇತವನ್ನು ಅನುಸರಿಸಿದ್ದು. ಆ ಸಮಾನ ವಿನ್ಯಾಸದಲ್ಲಿ ಳಕಾರ ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು ಕುಳಿತಿದೆ. ಕನ್ನಡದ ವರ್ಣಮಾಲೆಯಲ್ಲಾದರೋ ಅದರ ಸ್ಥಾನ ಹಕಾರದ ನಂತರ. ಸಂಕೇತ ಸಂಖ್ಯೆಗಳನ್ನಷ್ಟೇ ನೋಡುವ ವಿಂಗಡಣೆ ಮಳವಳ್ಳಿಯನ್ನು ಮಸ್ಕಿಗಿಂತ ಮೊದಲು ಇಡುತ್ತದೆ. ನಿಘಂಟು ನೋಡಿ ಬೆಳೆದ ಕನ್ನಡಿಗರು ಮಸ್ಕಿಯ ನಂತರವೇ ಮಳವಳ್ಳಿಯನ್ನು ಹುಡುಕುತ್ತಾರೆ. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ ಎಂಬ ರೂಢಿಗೆ ಮಾತ್ರ ಸಂಕೇತಗಳ ಕ್ರಮ ಹೆಚ್ಚುಕಡಿಮೆ ಒದಗಿಬರುತ್ತದೆ, ಏಕೆಂದರೆ ಸ್ವರಚಿಹ್ನೆಗಳು ವ್ಯಂಜನಗಳ ನಂತರ, ಅರ್ಧಾಕ್ಷರದ ಚಿಹ್ನೆ ಅವುಗಳಿಗೂ ನಂತರ ಬಂದಿವೆ. ಇಷ್ಟು ಹೊಂದಿಕೊಳ್ಳುವುದರಿಂದಲೇ ಳಕಾರದ ತಪ್ಪು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಭಾಷೆಯ ರೂಢಿಗೆ ತಕ್ಕ ಅಕ್ಷರಕ್ರಮದ ನಿಯಮಾವಳಿಗೆ ಕೊಲೇಶನ್ ಎಂಬ ಹೆಸರಿದೆ. ಯೂನಿಕೋಡ್ ಸಂಸ್ಥೆಯ ಕೊಲೇಶನ್ ವಿಧಿಯು ಪ್ರತಿ ಅಕ್ಷರಕ್ಕೂ ಹಲವು ಹಂತದ ತೂಕಗಳನ್ನು ಕೊಡುತ್ತದೆ: ಮೊದಲ ಹಂತದಲ್ಲಿ ಅಕ್ಷರದ ಮೂಲರೂಪ, ಎರಡನೆಯದರಲ್ಲಿ ಅದರ ಮೇಲಿನ ಗುರುತುಗಳು, ಮೂರನೆಯದರಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ. ಎರಡು ಪದಗಳನ್ನು ಮೊದಲು ಮೊದಲ ಹಂತದ ತೂಕಗಳಿಂದಲೇ ಪೂರ್ತಿ ಹೋಲಿಸಿ, ಸಮವಾದರೆ ಮಾತ್ರ ಎರಡನೆಯ ಹಂತಕ್ಕೆ ಹೋಗುವುದರಿಂದ, ಒಂದೇ ಕಾಲಂನ ವಿಂಗಡಣೆಯೊಳಗೂ ಹಲವು ಕೀಗಳ ವಿಂಗಡಣೆಯೊಂದು ಅಡಗಿದಂತಾಗುತ್ತದೆ. ಪೆಂಟಾಹೊ ಕೇಳುವ ಕಟ್ಟುನಿಟ್ಟಿನ ಪ್ರಶ್ನೆ ಈ ಹಂತಗಳಿಗೆ ಸಂಬಂಧಿಸಿದ್ದು. ಓದುಗರ ಕೈಗೆ ಹೋಗುವ ಪಟ್ಟಿಗೆ ಭಾಷೆಯ ಕೊಲೇಶನ್ ಬೇಕೇಬೇಕು. ಆದರೆ ಹರಿವಿನ ಒಳಗೆ ಎರಡು ಕಡತಗಳನ್ನು ಹೊಂದಿಸುವುದಷ್ಟೇ ಉದ್ದೇಶವಾಗಿದ್ದರೆ ಎರಡೂ ಕಡೆ ಬರಿಯ ಸಂಕೇತಗಳ ಕ್ರಮವನ್ನು ಬಳಸುವುದು ವೇಗದ್ದೂ ಹೌದು, ನಂಬಲರ್ಹವೂ ಹೌದು. ಇವೆರಡು ಅಗತ್ಯಗಳನ್ನು ಒಂದೇ ವಿಂಗಡಣೆಯಿಂದ ಪೂರೈಸಲು ಹೋದಾಗಲೇ ತೊಂದರೆ ಆರಂಭವಾಗುತ್ತದೆ.

ಆ ತೊಂದರೆ ಎಂಥದೆಂದು ಅರಿಯಲು ವಿಂಗಡಣೆಯನ್ನು ಬೇಡುವ ಘಟಕಗಳ ನಡೆಯನ್ನು ನೋಡಬೇಕು. ವಿಲೀನ ಜೋಡಣೆ ಎಂಬುದು ಒಂದೇ ಕ್ರಮದಲ್ಲಿರುವ ಎರಡು ಹರಿವುಗಳನ್ನು ಅಕ್ಕಪಕ್ಕ ಓದುತ್ತ, ಯಾವ ಕಡೆಯ ಕೀ ಕಿರಿದೋ ಆ ಕಡೆ ಮುಂದೆ ಸರಿಯುತ್ತ, ಸಮವಾದಾಗ ಜೋಡಿಸುವ ಘಟಕ. ಹಿಂದಿರುಗಿ ನೋಡುವ ಪದ್ಧತಿ ಅದಕ್ಕಿಲ್ಲ. ಎಡಗಡೆಯ ಹರಿವಿನಲ್ಲಿ ಸಂಕೇತಗಳ ಕ್ರಮದಂತೆ ಮಳವಳ್ಳಿ, ಮಸ್ಕಿ ಎಂದೂ, ಬಲಗಡೆಯಲ್ಲಿ ವರ್ಣಮಾಲೆಯ ಕ್ರಮದಂತೆ ಮಸ್ಕಿ, ಮಳವಳ್ಳಿ ಎಂದೂ ಬಂದಿವೆ, ಘಟಕ ಸಂಕೇತಗಳನ್ನು ನೋಡಿ ಹೋಲಿಸುತ್ತದೆ ಎಂದುಕೊಂಡರೆ, ಎಡಗಡೆಯ ಮಳವಳ್ಳಿ ಬಲಗಡೆಯ ಮಸ್ಕಿಗಿಂತ ಕಿರಿದಾದ್ದರಿಂದ ಜೋಡಿಯಿಲ್ಲವೆಂದು ಅದನ್ನು ದಾಟಿ ಹೋಗುತ್ತದೆ, ಮಸ್ಕಿ ಮಸ್ಕಿಯೊಡನೆ ಜೋಡಿಯಾಗುತ್ತದೆ, ಬಲಗಡೆಯ ಮಳವಳ್ಳಿಗೆ ಎಡಗಡೆ ಏನೂ ಉಳಿದಿರುವುದಿಲ್ಲ. ಎರಡೂ ಕಡೆ ಇದ್ದ ಮಳವಳ್ಳಿ ಫಲಿತಾಂಶದಲ್ಲಿ ಇಲ್ಲ, ದೋಷದ ಸಂದೇಶವೂ ಇಲ್ಲ, ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂಬ ಹಸಿರು ಗುರುತು ಮಾತ್ರ ಇದೆ. ಪೆಂಟಾಹೊದ ಗುಂಪು ಮಾಡುವ ಘಟಕವೂ ಕ್ರಮ ತಪ್ಪಿದ ಹರಿವು ಬಂದರೆ ಪಕ್ಕಪಕ್ಕದಲ್ಲಿರುವ ಸಮಾನ ಕೀಗಳನ್ನಷ್ಟೇ ಒಂದು ಗುಂಪೆಂದು ಎಣಿಸಿ, ಒಂದೇ ತಾಲ್ಲೂಕಿಗೆ ಎರಡು ಮೂರು ಒಟ್ಟುಗಳನ್ನು ಕೊಡುತ್ತದೆ. ಎಸ್‌ಎಸ್‌ಐಎಸ್‌ನಲ್ಲಿ ಮೂಲದಿಂದ ಬಂದ ಹರಿವು ಈಗಾಗಲೇ ವಿಂಗಡಣೆಯಾಗಿದೆ ಎಂದು ಸಾರುವ ಗುಣವೊಂದಿದೆ, ಅದರ ಜೊತೆಗೆ ಪ್ರತಿ ಕಾಲಂನ ಕೀ ಸ್ಥಾನವನ್ನೂ ಬರೆಯಬೇಕು. ಆದರೆ ಆ ಗುಣ ಏನನ್ನೂ ವಿಂಗಡಿಸುವುದಿಲ್ಲ, ಪರೀಕ್ಷಿಸುವುದೂ ಇಲ್ಲ, ಮುಂದಿನ ಘಟಕಗಳಿಗೆ ಮಾತು ಕೊಡುತ್ತದೆ ಅಷ್ಟೆ. ವಿಂಗಡಣೆಯನ್ನು ಒಂದು ಕ್ರಿಯೆ ಎನ್ನುವುದಕ್ಕಿಂತ ಘಟಕಗಳ ನಡುವಿನ ಕರಾರು ಎನ್ನುವುದು ಹೆಚ್ಚು ಸರಿ. ಆ ಕರಾರಿನಲ್ಲಿ ಕೀಗಳು, ದಿಕ್ಕುಗಳು, ಬಗೆಗಳು, ನಲ್‌ನ ಸ್ಥಾನ, ಕೊಲೇಶನ್ ಐದೂ ಇರಬೇಕು, ಬಹುಪಾಲು ಸಾಧನಗಳು ಮೊದಲ ಎರಡನ್ನಷ್ಟೇ ಬರೆದಿಟ್ಟುಕೊಳ್ಳುತ್ತವೆ.

ವೆಚ್ಚದ ವಿಷಯ ಹೆಚ್ಚು ಪರಿಚಿತವಾದದ್ದು. ಸೋಸುವ ಘಟಕ ಒಂದು ದಾಖಲೆ ಬಂದ ಕೂಡಲೇ ಅದನ್ನು ಮುಂದೆ ಕಳಿಸಬಲ್ಲದು. ವಿಂಗಡಣೆಗೆ ಕೊನೆಯ ದಾಖಲೆ ಬರುವವರೆಗೂ ಮೊದಲನೆಯದು ಯಾವುದೆಂದೇ ಗೊತ್ತಾಗುವುದಿಲ್ಲವಾದ್ದರಿಂದ ಅದು ಹರಿವನ್ನು ಪೂರ್ತಿ ತಡೆಯುತ್ತದೆ. 1 ಕೋಟಿ ದಾಖಲೆಗಳಿಗೆ ಸುಮಾರು 22 ಕೋಟಿ ಹೋಲಿಕೆಗಳು ಬೇಕು, ಪ್ರತಿ ಹೋಲಿಕೆಯೂ ಒಂದಕ್ಕಿಂತ ಹೆಚ್ಚು ಕೀಗಳಿಗೆ ಇಳಿಯಬಹುದು. ಮೊದಲ ಕೀ ಜಿಲ್ಲೆಯಾಗಿದ್ದರೆ ಬೆಲೆಗಳು 31 ಮಾತ್ರ, ಆದ್ದರಿಂದ ಅನೇಕ ಹೋಲಿಕೆಗಳು ಅಲ್ಲಿ ತೀರ್ಮಾನವಾಗದೆ ಕೆಳಗಿಳಿಯುತ್ತವೆ. ಕ್ರಮಕ್ಕೆ ಅರ್ಥವಿರುವಲ್ಲಿ ಕೀಗಳ ಅನುಕ್ರಮವನ್ನು ವೇಗಕ್ಕಾಗಿ ಬದಲಿಸುವಂತಿಲ್ಲ. ನಕಲು ತೆಗೆಯುವುದು ಅಥವಾ ಜೋಡಿಸುವುದಷ್ಟೇ ಉದ್ದೇಶವಾದರೆ ಬೆಲೆಗಳ ವೈವಿಧ್ಯ ಹೆಚ್ಚಿರುವ ಕೀಯನ್ನು ಮೊದಲಿಗಿಡಲು ಅಡ್ಡಿಯಿಲ್ಲ. ಒಂದೊಂದು ದಾಖಲೆ 500 ಬೈಟ್ ಆದರೆ ಕೋಟಿ ದಾಖಲೆಗಳಿಗೆ 5 ಜಿಬಿ; ಘಟಕಕ್ಕೆ ಅರ್ಧ ಜಿಬಿ ಮೆಮೊರಿ ದೊರೆತರೆ ಅದು ಸುಮಾರು ಹತ್ತು ತುಂಡುಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಡಿಸ್ಕಿಗೆ ಬರೆದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಓದುತ್ತ ವಿಲೀನಗೊಳಿಸುತ್ತದೆ. ಬಾಹ್ಯ ವಿಂಗಡಣೆ ಎನಿಸುವ ಈ ಪದ್ಧತಿಯನ್ನು ಡೊನಾಲ್ಡ್ ಕ್ನೂತ್ 1973ರಲ್ಲಿ ಹೊರತಂದ ತಮ್ಮ ಗ್ರಂಥಮಾಲೆಯ ಮೂರನೆಯ ಸಂಪುಟದಲ್ಲಿ ಟೇಪುಗಳ ಕಾಲದ ಎಲ್ಲ ಸೂಕ್ಷ್ಮಗಳೊಡನೆ ವಿವರಿಸಿದ್ದಾರೆ. ಸಾಧನಗಳಲ್ಲಿ ಕಾಣುವ ತಾತ್ಕಾಲಿಕ ಕಡತಗಳ ಜಾಗ, ಮೆಮೊರಿಯಲ್ಲಿ ಇಡಬಹುದಾದ ಸಾಲುಗಳ ಮಿತಿ, ಡಿಸ್ಕಿನ ಮೇಲೆ ವಿಂಗಡಿಸಬೇಕೇ ಎಂಬ ಆಯ್ಕೆಗಳೆಲ್ಲ ಇದೇ ಪದ್ಧತಿಯ ಹಿಡಿಕೆಗಳು.

ಮೊದಲ ಕೀಗಳ ಕ್ರಮ ಆಗಲೇ ಇದ್ದರೆ ಈ ವೆಚ್ಚವನ್ನು ಬಹುವಾಗಿ ಇಳಿಸಬಹುದು. ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಬಂದ ಹರಿವನ್ನು ಗ್ರಾಮದ ಕ್ರಮಕ್ಕೂ ತರಬೇಕಾದರೆ ಒಂದೊಂದು ತಾಲ್ಲೂಕಿನ ದಾಖಲೆಗಳನ್ನಷ್ಟೇ ಮೆಮೊರಿಯಲ್ಲಿಟ್ಟು ವಿಂಗಡಿಸಿ ಮುಂದೆ ಕಳಿಸಿದರೆ ಸಾಕು, ಹರಿವು ಪೂರ್ತಿ ನಿಲ್ಲಬೇಕಾಗಿಲ್ಲ. ಡೇಟಾಸ್ಟೇಜ್‌ನಲ್ಲಿ ಕೀಯನ್ನು ಮೊದಲೇ ವಿಂಗಡಣೆಯಾದದ್ದೆಂದು ಗುರುತಿಸುವುದರ ಪ್ರಯೋಜನ ಇದೇ. ಅಬ್ ಇನಿಷಿಯೊ ಸಾಧನದಲ್ಲಿ ಗುಂಪಿನೊಳಗಿನ ವಿಂಗಡಣೆಗೆಂದೇ ಪ್ರತ್ಯೇಕ ಘಟಕವಿದೆ. ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ಈ ಜಾಣ್ಮೆ 2020ರ 13ನೆಯ ಆವೃತ್ತಿಯಲ್ಲಿ ಬಂತು.

ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿದಾಗ ವಿಂಗಡಣೆಯಾಗಿದೆ ಎಂಬ ಮಾತಿಗೇ ಎರಡು ಅರ್ಥ ಬರುತ್ತದೆ. ಪ್ರತಿ ಪಾಲಿನೊಳಗೆ ಕ್ರಮವಿದ್ದು ಒಟ್ಟಿನಲ್ಲಿ ಇಲ್ಲದಿರುವುದು ಒಂದು, ಎಲ್ಲ ಪಾಲುಗಳನ್ನೂ ಸಾಲಾಗಿ ಇಟ್ಟರೆ ಒಂದೇ ಕ್ರಮವಾಗುವುದು ಇನ್ನೊಂದು. ಹೀಗೆ ಹಂಚಿ ಕೆಲಸ ಮಾಡುವ ಹೈವ್ ಸಾಧನದ ಭಾಷೆಯಲ್ಲಿ ಸಾರ್ಟ್ ಬೈ ಮತ್ತು ಆರ್ಡರ್ ಬೈ ಎಂಬ ಎರಡು ಬೇರೆ ವಾಕ್ಯಗಳಿರುವುದು ಈ ಕಾರಣಕ್ಕೆ. ಒಂದೇ ಕೀಯ ದಾಖಲೆಗಳೆಲ್ಲ ಒಂದೇ ಪಾಲಿಗೆ ಬೀಳುವಂತೆ ಹಂಚಿದ್ದರೆ ಗುಂಪು ಮಾಡಲು ಮೊದಲನೆಯ ಅರ್ಥವೇ ಸಾಕು, ಆದ್ದರಿಂದ ಹಂಚಿಕೆಗೆ ಮೊದಲ ಒಂದೆರಡು ಕೀಗಳನ್ನೂ, ವಿಂಗಡಣೆಗೆ ಎಲ್ಲ ಕೀಗಳನ್ನೂ ಬಳಸುವುದು ವಾಡಿಕೆ. ಹಂಚಿಕೆಯ ಕೀಗಳು ಗುಂಪಿನ ಕೀಗಳಿಗಿಂತ ಹೆಚ್ಚಾದರೆ ಮಾತ್ರ ಒಂದೇ ಗುಂಪು ಎರಡು ಯಂತ್ರಗಳಲ್ಲಿ ಒಡೆದು ಲೆಕ್ಕ ತಪ್ಪುತ್ತದೆ.

ವಿಂಗಡಣೆಯನ್ನು ಸಾಧನದಲ್ಲೇ ಮಾಡಬೇಕೋ ಮೂಲದ ದತ್ತಸಂಚಯಕ್ಕೆ ಬಿಡಬೇಕೋ ಎಂಬ ಚರ್ಚೆಯಲ್ಲಿ ದತ್ತಸಂಚಯದ ಪರವಾಗಿಯೇ ಹೆಚ್ಚು ವಾದಗಳು ಕೇಳಿಬರುತ್ತವೆ: ಅಲ್ಲಿ ಸೂಚಿ ಇದ್ದರೆ ಕ್ರಮ ಪುಕ್ಕಟೆ ಸಿಗುತ್ತದೆ, ಮೆಮೊರಿಯೂ ಹೆಚ್ಚು. ಒಂದೇ ಮೂಲವಿರುವ ಹರಿವಿಗೆ ಈ ವಾದ ನಿಲ್ಲುತ್ತದೆ. ಎರಡು ಬೇರೆ ಮೂಲಗಳನ್ನು ಜೋಡಿಸುವಾಗ ಮಾತ್ರ, ನಲ್ ಮತ್ತು ಕೊಲೇಶನ್‌ಗಳ ನಿಯಮವನ್ನು ಎರಡೂ ಕಡೆಯ ಪ್ರಶ್ನೆಯಲ್ಲಿ ಬಿಡಿಸಿ ಬರೆಯದ ಹೊರತು, ಎರಡನ್ನೂ ಒಂದೇ ಸಾಧನದ ಒಂದೇ ಘಟಕದಿಂದ ಹಾಯಿಸುವುದು ನಿಧಾನವಾದರೂ ಸುರಕ್ಷಿತ. ಕೀಯನ್ನು ಪಠ್ಯದ ಹೆಸರಿನ ಬದಲು ಸಂಖ್ಯಾ ಸಂಕೇತವಾಗಿಸಿದರೆ, ಉದಾಹರಣೆಗೆ ಗ್ರಾಮದ ಹೆಸರಿನ ಬದಲು ಗ್ರಾಮದ ಸಂಖ್ಯೆಯನ್ನು ಕೀಯಾಗಿಸಿದರೆ, ಕೊಲೇಶನ್‌ನ ಪ್ರಶ್ನೆಯೇ ಏಳುವುದಿಲ್ಲ.

ಉಳಿದದ್ದು ಕೀಗಳೆಲ್ಲ ಸಮವಾದ ಮೇಲಿನ ಸ್ಥಿತಿ. ಒಂದೇ ಜಮೀನಿಗೆ ಹಲವು ಹಕ್ಕು ಬದಲಾವಣೆಗಳು ದಾಖಲಾಗಿದ್ದು, ಅವುಗಳಲ್ಲಿ ಇತ್ತೀಚಿನದನ್ನು ಮಾತ್ರ ಉಳಿಸಬೇಕಾದರೆ, ಜಮೀನಿನ ಕೀಗಳನ್ನು ಏರಿಕೆಯಲ್ಲಿ, ದಿನಾಂಕವನ್ನು ಇಳಿಕೆಯಲ್ಲಿ ವಿಂಗಡಿಸಿ, ಪ್ರತಿ ಗುಂಪಿನ ಮೊದಲ ದಾಖಲೆಯನ್ನು ಹಿಡಿಯುವುದು ಎಲ್ಲ ಸಾಧನಗಳಲ್ಲೂ ಬಳಕೆಯಲ್ಲಿರುವ ವಿಧಾನ. ಒಂದೇ ದಿನ ಎರಡು ಬದಲಾವಣೆಗಳಾಗಿದ್ದರೆ ಯಾವುದು ಮೊದಲು ಬರುತ್ತದೆ ಎಂಬುದನ್ನು ಕೀಗಳು ಹೇಳುವುದಿಲ್ಲ. ವಿಂಗಡಣೆ ಸ್ಥಿರವಾಗಿದ್ದರೆ ಕಡತದಲ್ಲಿ ಮೊದಲಿದ್ದದ್ದು, ಇಲ್ಲದಿದ್ದರೆ ಹರಿವು ನಡೆದ ದಿನ ವಿಂಗಡಣೆಯ ತುಂಡುಗಳು ಡಿಸ್ಕಿನಿಂದ ಹೇಗೆ ಬಂದವೋ ಹಾಗೆ. ಇಂದು ನಡೆಸಿದ ಹರಿವು ಒಬ್ಬರ ಹೆಸರನ್ನೂ, ಅದೇ ದತ್ತಾಂಶದ ಮೇಲೆ ನಾಳೆ ನಡೆಸಿದ ಹರಿವು ಇನ್ನೊಬ್ಬರ ಹೆಸರನ್ನೂ ಕೊಡಬಹುದು, ಎರಡೂ ಸಲ ಕೀಗಳ ಪ್ರಕಾರ ವಿಂಗಡಣೆ ಸರಿಯಾಗಿಯೇ ಇರುತ್ತದೆ. ದಿನಾಂಕದ ನಂತರ ಹಕ್ಕು ಬದಲಾವಣೆಯ (ಮ್ಯುಟೇಶನ್) ಸಂಖ್ಯೆಯಂಥ, ಒಂದು ದಾಖಲೆಗೆ ಒಂದೇ ಆಗಿರುವ ಕಾಲಂ ಅನ್ನು ಇಳಿಕೆ ಕ್ರಮದ ಕಡೆಯ ಕೀಯಾಗಿ ಸೇರಿಸಿದರೆ ಎರಡು ದಾಖಲೆಗಳು ಎಂದೂ ಸಮವಾಗುವುದಿಲ್ಲ. ಆಗ ಸ್ಥಿರತೆಯ ಆಯ್ಕೆ ಇದೆಯೇ ಇಲ್ಲವೇ ಎಂದು ಕೈಪಿಡಿಯಲ್ಲಿ ಹುಡುಕುವ ಅಗತ್ಯವೂ ಬೀಳುವುದಿಲ್ಲ.